ಪುಟ್ಟಿಯ ರಿಸೈಟಲ್: ಉಸಿರಿನ ಸದ್ದು ಇರಲಿ

ಭಾವ: ಪುಟ್ಟಿಯ ಫ್ಲೂಟ್ ರಿಸೈಟಲ್, ಅಂದರೆ ಅವಳ ಕಛೇರಿಯ ಆಡಿಯೋ ನಮ್ಮ ಮನೆಯವರ ಗ್ರೂಪ್‌ಗೆ ಹಾಕಿದ್ದೇನೆ, ಎಲ್ಲರೂ ಕೇಳಿ. ರಾತ್ರಿ ಕೂತು ಕ್ಲೀನ್ ಮಾಡಿದೆ. ಉಸಿರೆಳೆಯುವ ಸದ್ದು ಈಗ ಒಂದೂ ಇಲ್ಲ. ಬಾಖ್ ಬರೆದ ಪೀಸ್‌ನಲ್ಲಿ ಒಂದೇ ಭಾಗ ಎರಡೆರಡು ಸಲ ಬರುತ್ತಿತ್ತು, ಒಂದೊಂದು ಸಲದ್ದು ತೆಗೆದೆ. ನಡುವೆ ಟಕ್ ಟಕ್ ಅನ್ನುವ ಒಂದು ಪೀಸ್ ಇತ್ತಲ್ಲ, ಅದನ್ನೂ ಬಿಟ್ಟೆ. ಈಗ ಯಾರಿಗೆ ಬೇಕಾದರೂ ಕಳಿಸಬಹುದು.

ಚಿಕ್ಕಮ್ಮ: ಎಷ್ಟು ಚೆನ್ನಾಗಿ ನುಡಿಸಿದ್ದಾಳೆ! ಪಿಯಾನೋ ಜೊತೆಗಿನ ಆ ಕೊನೆಯದಂತೂ ಎರಡು ಸಲ ಕೇಳಿದೆ.

ದೊಡ್ಡಪ್ಪ: ಒಳ್ಳೆಯ ಕೆಲಸ ಮಾಡಿದೆಯಪ್ಪ. ಮೊದಲಿನ ರೆಕಾರ್ಡಿಂಗ್‌ನಲ್ಲಿ ಆ ಸುಸ್ ಸುಸ್ ಕೇಳಿ ಕಿರಿಕಿರಿ ಆಗಿತ್ತು. ಆ ಟಕ್ ಟಕ್ ಪೀಸ್ ತೆಗೆದದ್ದೂ ಸರಿ. ಅದು ಸಂಗೀತವೇ ಅಲ್ಲ.

ನಾನು: ಭಾವ, ಪ್ರೀತಿಯಿಂದ ಮಾಡಿದ್ದೀರಿ, ಗೊತ್ತು. ಆದರೆ ಇದನ್ನು ದಯವಿಟ್ಟು ಬೇರೆ ಯಾರಿಗೂ ಕಳಿಸಬೇಡಿ. ನೀವು ತೆಗೆದದ್ದು ಸದ್ದಲ್ಲ, ಅವಳ ಕೆಲಸ. ಕೇಳಿದ ಮೇಲೆ ನನಗೆ ನಿಜವಾಗಿ ಬೇಜಾರಾಯಿತು.

ಭಾವ: ಅದರಲ್ಲಿ ಬೇಜಾರಾಗುವುದು ಏನಿದೆ? ಒಂದು ಸ್ವರವನ್ನೂ ಮುಟ್ಟಿಲ್ಲ. ಎಲ್ಲ ಕಂಪನಿಯವರೂ ರೆಕಾರ್ಡಿಂಗ್ ಎಡಿಟ್ ಮಾಡುತ್ತಾರೆ.

ನಾನು: ಮಾಡುತ್ತಾರೆ, ನುಡಿಸಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೇಳಿ ಮಾಡುತ್ತಾರೆ. ಉಸಿರನ್ನು ಸ್ವಲ್ಪ ತಗ್ಗಿಸುವುದು ಬೇರೆ, ಪೂರ್ತಿ ಅಳಿಸುವುದು ಬೇರೆ. ಇಲ್ಲಿ ಏನಾಗಿದೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಬಾಖ್‌ನ ಎ ಮೈನರ್ ಪಾರ್ಟೀಟಾ, ಅಂದರೆ ನೃತ್ಯದ ಧಾಟಿಯ ಭಾಗಗಳ ಮಾಲೆ, ಅವನ ಕೃತಿಗಳ ಪಟ್ಟಿಯಲ್ಲಿ ಬಿಡಬ್ಲ್ಯೂವಿ 1013, ಒಂಟಿ ಫ್ಲೂಟ್‌ಗೆ ಬರೆದದ್ದು. ಜೊತೆಗೆ ಪಿಯಾನೋ ಇಲ್ಲ, ಯಾರೂ ಇಲ್ಲ. ಮೊದಲ ಭಾಗ ಅಲಮಾಂಡ್. ಶುರುವಿನಲ್ಲಿ ಒಂದು ಪುಟ್ಟ ವಿರಾಮ ಇದೆ, ಆಮೇಲೆ ಒಂದೇ ಅಳತೆಯ ಸ್ವರಗಳು ಸಾಲಾಗಿ ಹರಿಯುತ್ತಲೇ ಇರುತ್ತವೆ. ಉಸಿರು ತೆಗೆದುಕೊಳ್ಳಲು ಅಂತ ಬಾಖ್ ಎಲ್ಲೂ ಜಾಗ ಬಿಟ್ಟಿಲ್ಲ. ಇದನ್ನು ನೋಡಿಯೇ, ಮೊದಲು ಬೇರೆ ಯಾವುದೋ ವಾದ್ಯಕ್ಕೆ ಬರೆದದ್ದಿರಬೇಕು ಅಂತ ವಾದಿಸುವ ವಿದ್ವಾಂಸರೂ ಇದ್ದಾರೆ. ಬಾಖ್ ಕೈಬರಹದ ಪ್ರತಿ ಉಳಿದಿಲ್ಲ, ಬೇರೆಯವರು ನಕಲು ಮಾಡಿದ್ದು ಮಾತ್ರ ಸಿಕ್ಕಿದೆ. ಹಾಗಾಗಿ ಎಲ್ಲಿ ನಿಲ್ಲಬೇಕು, ಎಲ್ಲಿ ಉಸಿರೆಳೆಯಬೇಕು, ಅದಕ್ಕೆ ಜಾಗ ಮಾಡಲು ಯಾವ ಸ್ವರವನ್ನು ಒಂದು ಕೂದಲಿನಷ್ಟು ಹಿಗ್ಗಿಸಬೇಕು, ಇದೆಲ್ಲ ನುಡಿಸುವವರೇ ತೀರ್ಮಾನಿಸಬೇಕು. ಆ ತೀರ್ಮಾನಗಳೇ ಅವಳ ಬಾಖ್. ನೀವು ಅದನ್ನೇ ಅಳಿಸಿದ್ದೀರಿ.

ತಮ್ಮ: ಇದು ನನಗೆ ಗೊತ್ತೇ ಇರಲಿಲ್ಲ. ಆದರೂ ಒಂದು ಪ್ರಶ್ನೆ. ಉಸಿರು ಅನ್ನುವುದು ದೇಹದ ಅಗತ್ಯ ತಾನೇ? ಅದು ಇಲ್ಲದೆ ನುಡಿಸಲು ಸಾಧ್ಯ ಇದ್ದಿದ್ದರೆ ಯಾರೂ ಉಸಿರೆಳೆಯುತ್ತಿರಲಿಲ್ಲ. ಅಂದ ಮೇಲೆ ಅದನ್ನು ಕಲೆ ಅಂತ ಯಾಕೆ ಕರೆಯಬೇಕು?

ನಾನು: ಉಸಿರು ಬೇಕೇ ಬೇಕು, ಸರಿ. ಎಲ್ಲಿ ಅನ್ನುವುದು ಆಯ್ಕೆ. ಅದಕ್ಕೆ ಸಾಕ್ಷಿ ಭಾವ ತೆಗೆದುಹಾಕಿದ ಆ ಎರಡನೇ ಸಲದ ನುಡಿತದಲ್ಲೇ ಇತ್ತು. ಮೂಲ ರೆಕಾರ್ಡಿಂಗ್ ನನ್ನ ಹತ್ತಿರ ಇದೆ. ಅಲಮಾಂಡ್‌ನ ಮೊದಲ ಅರ್ಧವನ್ನು ಅವಳು ಮೊದಲ ಸಲ ನುಡಿಸುವಾಗ ಚಿಕ್ಕ ಚಿಕ್ಕ ಉಸಿರು, ತಾಳದ ಮುಖ್ಯ ಪೆಟ್ಟು ಬಿದ್ದ ತಕ್ಷಣ. ಅದೇ ಅರ್ಧ ಎರಡನೇ ಸಲ ಬಂದಾಗ ಎರಡು ಕಡೆ ಉಸಿರೇ ಇಲ್ಲದೆ ಮುಂದೆ ಹೋಗಿ, ಕೆಳಗಿನ ಸ್ವರ ಮುಗಿಸಿದ ಮೇಲೆ ಒಂದೇ ಒಂದು ದೊಡ್ಡ ಉಸಿರು ತೆಗೆದುಕೊಳ್ಳುತ್ತಾಳೆ. ಅದೇ ಸ್ವರಗಳು, ಆದರೆ ಮಾತು ಬೇರೆ ಕಡೆ ಮುಗಿಯುತ್ತೆ, ಹಾಗಾಗಿ ಅರ್ಥವೇ ಬೇರೆ ಅನ್ನಿಸುತ್ತೆ. ಬರೀ ದೇಹದ ಅಗತ್ಯ ಆಗಿದ್ದರೆ ಎರಡೂ ಸಲ ಒಂದೇ ಜಾಗದಲ್ಲಿ ಬರುತ್ತಿತ್ತು, ಅಲ್ವಾ?

ಇದೇನು ಹೊಸ ಮಾತಲ್ಲ. ಕ್ವಾಂಟ್ಸ್ ಅಂತ ಒಬ್ಬರಿದ್ದರು, ಪ್ರಷ್ಯಾದ ರಾಜ ಫ್ರೆಡರಿಕ್‌ಗೆ ಫ್ಲೂಟ್ ಕಲಿಸಿದವರು. ಅವರು 1752ರಲ್ಲಿ ಬರೆದ ಪುಸ್ತಕದಲ್ಲಿ ಉಸಿರಿಗೇ ಒಂದು ಅಧ್ಯಾಯ ಇದೆ. ಚಿಕ್ಕ ಸ್ವರದ ನಂತರ ಉಸಿರೆಳೆಯಬಾರದು, ಆವರ್ತದ ಕೊನೆಯ ಸ್ವರದ ನಂತರ ಅಂತೂ ಬೇಡವೇ ಬೇಡ ಅನ್ನುತ್ತಾರೆ. ಪುಟ್ಟಿ ಇದನ್ನೆಲ್ಲ ಓದಿ, ಎಲ್ಲಿ ಪಾಲಿಸಬೇಕು ಎಲ್ಲಿ ಬಿಡಬೇಕು ಅಂತ ಯೋಚಿಸಿ ನುಡಿಸಿದ್ದಾಳೆ.

ಅಕ್ಕ: ಅವಳ ಪುಸ್ತಕದ ಫೋಟೋ ಹಾಕಿದ್ದೇನೆ ನೋಡಿ. ಅಲಮಾಂಡ್‌ನ ಮೊದಲ ಪುಟ. ಪೆನ್ಸಿಲ್‌ನಲ್ಲಿ ಅಲ್ಪವಿರಾಮದ ಹಾಗೆ ಗುರುತು ಹಾಕಿದ್ದಾಳೆ, ಅದೆಲ್ಲ ಉಸಿರಿನ ಜಾಗ. ಕೆಲವನ್ನು ಅಳಿಸಿ ಮುಂದಿನ ಸ್ವರಕ್ಕೆ ಸರಿಸಿದ್ದಾಳೆ. ಮೂರನೇ ಸಾಲಿನಲ್ಲಿ ಅಳಿಸಿ ಅಳಿಸಿ ಕಾಗದ ತೆಳ್ಳಗಾಗಿದೆ. ಎರಡನೇ ಸಲದ ಗುರುತುಗಳು ಸಾಲಿನ ಕೆಳಗೆ ಇವೆ, ಅವಕ್ಕೆ ಕಂಸ ಹಾಕಿದ್ದಾಳೆ.

ಭಾವ: ಇದನ್ನು ನಾನು ನೋಡಿರಲಿಲ್ಲ.

ಚಿಕ್ಕಮ್ಮ: ನಾನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ಯಾರೂ ತಪ್ಪು ತಿಳಿಯಬೇಡಿ. ಹೆಡ್‌ಫೋನ್ ಹಾಕಿಕೊಂಡು ಮೊದಲಿನದ್ದು ಕೇಳಿದಾಗ ಅವಳ ಉಸಿರು ಕಿವಿಯ ಪಕ್ಕದಲ್ಲೇ ಕೇಳುತ್ತಿತ್ತು. ಮಗುವಿಗೆ ಏದುಸಿರು ಬರುತ್ತಿದೆಯೇನೋ ಅಂತ ನನಗೇ ಆತಂಕ ಆಯಿತು. ಸಂಗೀತದ ಕಡೆ ಗಮನವೇ ಹೋಗಲಿಲ್ಲ. ಕೇಳುವವರಿಗೆ ಹೀಗಾದರೆ ಏನು ಮಾಡುವುದು?

ನಾನು: ಚಿಕ್ಕಮ್ಮ, ನೀವು ಹೇಳಿದ್ದು ನ್ಯಾಯವಾದ ಮಾತು. ಮೈಕ್ ತೀರಾ ಹತ್ತಿರ ಇಟ್ಟಿದ್ದಾರೆ. ಸಭಾಂಗಣದಲ್ಲಿ ಕೂತವರಿಗೆ ಅಷ್ಟು ಜೋರಾಗಿ ಕೇಳಿರುವುದಿಲ್ಲ. ಅದನ್ನು ತಗ್ಗಿಸಿ, ನನ್ನದೇನೂ ತಕರಾರಿಲ್ಲ. ಕೂತು ಕೇಳಿದ್ದರೆ ಎಷ್ಟು ಕೇಳುತ್ತಿತ್ತೋ ಅಷ್ಟಕ್ಕೆ ತನ್ನಿ. ಆದರೆ ಪೂರ್ತಿ ಸೊನ್ನೆ ಮಾಡಿದರೆ ಆ ಜಾಗದಲ್ಲಿ ತೂತು ಉಳಿಯುತ್ತೆ. ತೂತು ಕಾಣಬಾರದು ಅಂತ ಭಾವ ಎರಡೂ ಕಡೆ ಎಳೆದು ಅಂಟಿಸಿದ್ದಾರೆ. ಅದರಿಂದ ತಾಳ ಮುಗ್ಗರಿಸುತ್ತೆ. ಅವಳು ಉಸಿರಿಗಾಗಿ ಹಿಗ್ಗಿಸಿದ ಸ್ವರ ಹಾಗೇ ಇದೆ, ಅದು ಯಾತಕ್ಕೆ ಹಿಗ್ಗಿತು ಅನ್ನುವ ಕಾರಣವೇ ಇಲ್ಲ. ಈಗ ಕೇಳಿದವರಿಗೆ ಅವಳಿಗೆ ತಾಳ ಬರುವುದಿಲ್ಲ ಅನ್ನಿಸುತ್ತೆ. ಇದು ಅವಳಿಗೆ ಮಾಡುವ ಅನ್ಯಾಯ ಅಲ್ವಾ?

ಇನ್ನೊಂದು ವಿಷಯ. ಫ್ಲೂಟ್‌ನಲ್ಲಿ ಓಬೋ, ಕ್ಲಾರಿನೆಟ್‌ಗಳ ಹಾಗೆ ಬಾಯಲ್ಲಿ ಹಿಡಿಯುವ ಪೀಪಿ ಇಲ್ಲ. ರಂಧ್ರದ ಅಂಚಿಗೆ ಗಾಳಿ ಊದಬೇಕು, ಅದರಲ್ಲಿ ಒಂದಷ್ಟು ಒಳಗೆ ಹೋಗುತ್ತೆ, ಒಂದಷ್ಟು ಹೊರಗೇ ಹೋಗುತ್ತೆ. ಓಬೋ ನುಡಿಸುವವರಿಗೆ ಗಾಳಿ ಮಿಕ್ಕಿ ಒಳಗೇ ಉಳಿದು ಕಷ್ಟ ಆಗುತ್ತೆ, ಫ್ಲೂಟ್‌ನವರಿಗೆ ಗಾಳಿ ಸಾಲುವುದೇ ಇಲ್ಲ. ಈ ವಾದ್ಯದ ಸ್ವಭಾವವೇ ಅದು. ಉಸಿರು ಕೇಳದ ಒಂಟಿ ಫ್ಲೂಟ್ ಅಂದರೆ ಯಾರೋ ಕಂಪ್ಯೂಟರ್‌ನಲ್ಲಿ ಮಾಡಿದ್ದು ಅನ್ನಿಸುತ್ತೆ.

ತಮ್ಮ: ಹಾಗಾದರೆ ಪಿಯಾನೋ ಜೊತೆಗಿನದ್ದರಲ್ಲಿ ಉಸಿರು ಯಾಕೆ ಯಾರಿಗೂ ಕೇಳಲಿಲ್ಲ?

ನಾನು: ಪಿಯಾನೋ ಮುಂದೆ ಸಾಗುತ್ತಾ ಇರುತ್ತೆ, ಅದರ ಮರೆಯಲ್ಲಿ ಉಸಿರೆಳೆಯಬಹುದು. ಅದು ಪುಲಾಂಕ್ ಅನ್ನುವವರು ಬರೆದ ಫ್ಲೂಟ್ ಸೊನಾಟಾ, 1957ರದ್ದು. ಸ್ಟ್ರಾಸ್‌ಬರ್ಗ್‌ನಲ್ಲಿ ರಾಂಪಾಲ್ ಅನ್ನುವವರು ಫ್ಲೂಟ್, ಪುಲಾಂಕ್ ತಾವೇ ಪಿಯಾನೋಗೆ ಕೂತು ಮೊದಲ ಸಲ ನುಡಿಸಿದರು. ಪುಟ್ಟಿ ಮೊದಲ ಮೂರನ್ನೂ ಒಂಟಿಯಾಗಿ ನುಡಿಸಿ, ಕೊನೆಗೆ ಪಿಯಾನೋ ತಂದಿದ್ದಾಳೆ. ಚಿಕ್ಕಮ್ಮನಿಗೆ ಅದು ಅಷ್ಟು ಹಿಡಿಸಿದ್ದಕ್ಕೆ ಅಲ್ಲಿಯವರೆಗಿನ ಒಂಟಿತನವೂ ಕಾರಣ.

ದೊಡ್ಡಪ್ಪ: ಬಾಖ್ ಬಗ್ಗೆ ಒಪ್ಪಿದೆ. ಎರಡು ಸಲವೂ ಇರಲಿ. ಆದರೆ ಆ ಟಕ್ ಟಕ್ ಪೀಸ್ ಬಗ್ಗೆ ನನ್ನನ್ನು ಒಪ್ಪಿಸಬೇಡ. ರಾಗ ಇಲ್ಲ, ಲಯ ಇಲ್ಲ. ಒಂದು ಸಲ ಪಿಸುಗುಟ್ಟುತ್ತೆ, ಇನ್ನೊಂದು ಸಲ ಕಿವಿ ಸೀಳುತ್ತೆ. ಇಷ್ಟು ಚೆನ್ನಾಗಿ ನುಡಿಸುವ ಹುಡುಗಿ ಅದನ್ನು ಯಾಕೆ ಆರಿಸಿಕೊಂಡಳೋ.

ನಾನು: ದೊಡ್ಡಪ್ಪ, ಇಷ್ಟಪಡಿ ಅನ್ನುತ್ತಿಲ್ಲ. ಆದರೆ ಅದು ಆ ಜಾಗದಲ್ಲಿ ಯಾಕಿದೆ ಅಂತ ಕೇಳಿ. ಅದರ ಹೆಸರು ಡೆನ್ಸಿಟಿ 21.5, ವರೆಜ್ ಬರೆದದ್ದು, 1936ರಲ್ಲಿ. ಜಾರ್ಜ್ ಬಾರೇರ್ ಅನ್ನುವ ದೊಡ್ಡ ಫ್ಲೂಟ್ ವಾದಕ ಪ್ಲಾಟಿನಂ ಫ್ಲೂಟ್ ಮಾಡಿಸಿಕೊಂಡಾಗ ಅದಕ್ಕಾಗಿ ಬರೆದದ್ದು. ಪ್ಲಾಟಿನಂನ ಸಾಂದ್ರತೆಯೇ ಆ ಸಂಖ್ಯೆ. ಇದೇ ಬಾರೇರ್ 1894ರಲ್ಲಿ ಡೆಬುಸಿ ಅನ್ನುವವರು ಆರ್ಕೆಸ್ಟ್ರಾಗೆ ಬರೆದ ಫಾನ್ ಪೀಠಿಕೆಯನ್ನು ಮೊದಲ ಸಲ ನುಡಿಸಿದಾಗ ಶುರುವಿನ ಆ ಫ್ಲೂಟ್ ಸೋಲೋ ನುಡಿಸಿದವರು. ಪುಟ್ಟಿ ವರೆಜ್‌ಗಿಂತ ಮುಂಚೆ ಏನು ನುಡಿಸಿದಳು? ಡೆಬುಸಿಯ ಸಿರಿಂಕ್ಸ್. ಎರಡನ್ನೂ ಅಕ್ಕಪಕ್ಕ ಇಟ್ಟದ್ದು ಸುಮ್ನೆ ಅಲ್ಲ.

ಸಿರಿಂಕ್ಸ್ 1913ರದ್ದು. ಒಂದು ನಾಟಕಕ್ಕೆ ಬರೆದದ್ದು, ರಂಗದ ಮರೆಯಲ್ಲಿ ನಿಂತು ನುಡಿಸಬೇಕಿತ್ತು. ಅಚ್ಚಾದದ್ದು 1927ರಲ್ಲಿ, ಡೆಬುಸಿ ತೀರಿಕೊಂಡು ಎಷ್ಟೋ ವರ್ಷ ಆದ ಮೇಲೆ. ಕಥೆ ಗ್ರೀಕರದ್ದು. ಪ್ಯಾನ್ ದೇವತೆ ಸಿರಿಂಕ್ಸ್ ಅನ್ನುವ ಅಪ್ಸರೆಯ ಹಿಂದೆ ಬೀಳುತ್ತಾನೆ, ಅವಳು ತಪ್ಪಿಸಿಕೊಳ್ಳಲು ಜೊಂಡು ಹುಲ್ಲಾಗುತ್ತಾಳೆ. ಅವನು ಆ ಜೊಂಡನ್ನು ತಬ್ಬಿ ನಿಟ್ಟುಸಿರು ಬಿಟ್ಟಾಗ ಅದರಿಂದ ನಾದ ಬರುತ್ತೆ. ಕೊಳಲು ಹುಟ್ಟಿದ್ದೇ ಉಸಿರಿನಿಂದ ಅನ್ನುವ ಕಥೆ ಇದು. ಭಾವ, ನೀವು ಈ ಪೀಸ್‌ನಿಂದಲೂ ಉಸಿರು ತೆಗೆದಿದ್ದೀರಿ!

ಇನ್ನು ಆ ಟಕ್ ಟಕ್. ವರೆಜ್ ಅದನ್ನು ಬರೆದೇ ಇಟ್ಟಿದ್ದಾನೆ. ಆ ಸ್ವರಗಳ ಮೇಲೆ ಗುರುತಿದೆ, ಊದುವಾಗಲೇ ಕೀಲಿಗಳನ್ನು ಗಟ್ಟಿಯಾಗಿ ಬಡಿಯಬೇಕು. ಬಡಿದ ಸದ್ದು ಕೊಳವೆಯೊಳಗೆ ಸ್ವರದ ಜೊತೆ ಸೇರಿ ಕೇಳುತ್ತೆ. ಎಫ್, ಇ, ಎಫ್ ಶಾರ್ಪ್ ಅಂತ ಮೂರು ಸ್ವರದಿಂದ ಶುರುವಾಗಿ, ಅದೇ ಮೂರನ್ನು ಹಿಡಿದುಕೊಂಡು ಮೇಲಕ್ಕೆ ಮೇಲಕ್ಕೆ ಹೋಗುತ್ತೆ. ದೊಡ್ಡಪ್ಪ, ಒಮ್ಮೆ ಆ ಮೂರು ಸ್ವರ ನೆನಪಿಟ್ಟುಕೊಂಡು ಮತ್ತೆ ಕೇಳಿ, ಅವು ಎಲ್ಲೆಲ್ಲಿ ವಾಪಸ್ ಬರುತ್ತವೆ ನೋಡಿ. ಬಾಖ್ ಅಂದರೆ ಬೆರಳು ಮತ್ತು ಉಸಿರನ್ನು ಅಡಗಿಸಿಡಬೇಕಾದ ಸಂಗೀತ ಅಂದುಕೊಂಡರೂ, ಇಲ್ಲಿ ಎರಡೂ ಹೊರಗೆ ಬಂದಿವೆ. ಇಡೀ ಕಾರ್ಯಕ್ರಮದಲ್ಲಿ ಅವಳು ಹೇಳುತ್ತಾ ಬಂದದ್ದು ಅದನ್ನೇ. ನಡುವಿನ ಅದನ್ನು ಕಿತ್ತರೆ ಉಳಿದದ್ದು ಬರೀ ಚೆಂದದ ಟ್ಯೂನ್‌ಗಳ ಸಾಲು.

ಭಾವ: ನನ್ನ ಮನಸ್ಸಿನಲ್ಲಿ ಇದ್ದದ್ದೂ ಹೇಳುತ್ತೇನೆ. ನಾಳೆ ಯಾರೋ ಇದನ್ನು ಕೇಳಿ, ಇಷ್ಟು ವರ್ಷ ಕಲಿತು ಹೀಗೆ ಉಸಿರು ಬಿಡುತ್ತಾಳಲ್ಲ, ಇದೇನು ಬಡಿಯುತ್ತಾಳಲ್ಲ ಅಂದರೆ ನನ್ನಿಂದ ಸಹಿಸಲು ಆಗುವುದಿಲ್ಲ. ಸಂಗೀತ ಗೊತ್ತಿಲ್ಲದವರೇ ಜಾಸ್ತಿ. ಅವಳನ್ನು ಅವರ ಬಾಯಿಗೆ ಕೊಡಬಾರದು ಅಂತ ಮಾಡಿದೆ.

ನಾನು: ಅರ್ಥ ಆಗುತ್ತೆ ಭಾವ. ಆದರೆ ಗೊತ್ತಿಲ್ಲದವರ ಕಿವಿಗೆ ತಕ್ಕ ಹಾಗೆ ಅವಳನ್ನು ಕತ್ತರಿಸಿದರೆ, ಗೊತ್ತಿರುವವರಿಗೆ ಅವಳು ಸಿಗುವುದೇ ಇಲ್ಲ. ಮುಂದೆ ಅವಳಿಗೆ ಸೀಟು ಕೊಡುವವರು, ಕಲಿಸುವವರು ಮೊದಲು ಗಮನಿಸುವುದೇ ಉಸಿರು ಎಲ್ಲಿದೆ ಅಂತ. ಈ ಎಡಿಟ್ ಅವರ ಕೈಗೆ ಹೋದರೆ ತಕ್ಷಣ ಗೊತ್ತಾಗುತ್ತೆ, ಅವಳೇ ಏನೋ ಮುಚ್ಚಿಟ್ಟಿದ್ದಾಳೆ ಅಂದುಕೊಳ್ಳುತ್ತಾರೆ.

ಪುಟ್ಟಿ: ಎಲ್ಲ ಓದಿದೆ. ಅಪ್ಪಾ, ಡೆನ್ಸಿಟಿ ದಯವಿಟ್ಟು ವಾಪಸ್ ಹಾಕಿ, ನಾನು ಎಲ್ಲಕ್ಕಿಂತ ಜಾಸ್ತಿ ಸಮಯ ಕೊಟ್ಟದ್ದು ಅದಕ್ಕೇ. ಮೈಕ್ ಹತ್ತಿರ ಇದ್ದದ್ದು ನಿಜ, ಸ್ವಲ್ಪ ತಗ್ಗಿಸಿ ಪರವಾಗಿಲ್ಲ. ಅಲಮಾಂಡ್ ಕೊನೆಯಲ್ಲಿ ಮೇಲಿನ ಎ ಇದೆಯಲ್ಲ, ಅದಕ್ಕೂ ಮುಂಚೆ ಒಂದು ಉಸಿರು ದೊಡ್ಡದಾಗಿ ಕೇಳುತ್ತೆ, ಅದನ್ನು ತಗ್ಗಿಸುವುದೂ ಬೇಡ. ಅಷ್ಟು ಮೇಲಿನ ಸ್ವರವನ್ನು ಮೆತ್ತಗೆ ಹಿಡಿಯಲು ಅಷ್ಟು ಗಾಳಿ ಬೇಕು, ಅದು ಕೇಳಲಿ ಅಂತಲೇ ತೆಗೆದುಕೊಂಡೆ.

ಭಾವ: ಆಯ್ತು ಮಗಳೇ. ಮೂಲ ಫೈಲ್ ತೆಗೆದು ಮತ್ತೆ ಕೂರುತ್ತೇನೆ. ಫ್ಯಾನ್ ಗುಂಯ್‌ಗುಡುವ ಸದ್ದು ತೆಗೆಯಬಹುದು ತಾನೇ?

ಪುಟ್ಟಿ: ಅದನ್ನು ಖಂಡಿತ ತೆಗೆಯಿರಿ.

ದೊಡ್ಡಪ್ಪ: ನನಗೂ ಪೂರ್ತಿಯದ್ದು ಕಳಿಸು. ಆ ಮೂರು ಸ್ವರ ಹುಡುಕಿ ನೋಡುತ್ತೇನೆ. ಆದರೂ ಅದು ಸಂಗೀತ ಅಂತ ನಾನು ಇನ್ನೂ ಒಪ್ಪಿಲ್ಲ, ಅದು ನೆನಪಿರಲಿ.

ನಾನು: ಕೇಳಿದ ಮೇಲೆ ಮತ್ತೆ ಜಗಳ ಆಡೋಣ ದೊಡ್ಡಪ್ಪ. ಭಾವ, ಆಡಿಯೋ ಮೆಸೇಜ್ ಆಗಿ ಹಾಕಬೇಡಿ, ಡಾಕ್ಯುಮೆಂಟ್ ಆಗಿ ಹಾಕಿ, ಪೀಸ್‌ಗಳ ಹೆಸರು ಅವಳು ನುಡಿಸಿದ ಕ್ರಮದಲ್ಲೇ ಬರೆಯಿರಿ. ಮೊದಲು ಹಾಕಿದ್ದನ್ನು ಎಲ್ಲರಿಗೂ ಡಿಲೀಟ್ ಮಾಡಿಬಿಡಿ, ಯಾರಾದರೂ ಫಾರ್ವರ್ಡ್ ಮಾಡುವ ಮುಂಚೆ.