1565ರ ನಂತರ ಹಂಪಿ ಮತ್ತೆ ಏಕೆ ರಾಜಧಾನಿಯಾಗಲಿಲ್ಲ?

ಪ್ರಶ್ನೆ: ವಿರೂಪಾಕ್ಷ ಬಜಾರಿನ ಕಲ್ಲುಮಂಟಪಗಳ ನಡುವೆ ನಡೆಯುವಾಗ ಸಂದೇಹವೊಂದು ಮೂಡಿತು. 1336ರಿಂದ ಎರಡು ಶತಮಾನಕ್ಕೂ ಹೆಚ್ಚು ಕಾಲ ಬೆಳೆದ ಸಿರಿವಂತ ವಿಜಯನಗರ ರಾಜ್ಯವು, ದಖನ್ ಸುಲ್ತಾನರೊಡನೆ 1565ರಲ್ಲಿ ನಡೆದ ತಾಳಿಕೋಟೆಯ ಒಂದೇ ಯುದ್ಧದಿಂದ ಮುಗಿದುಹೋಗಲು ಸಾಧ್ಯವೇ?

ಉತ್ತರ 1: ಮುಗಿದದ್ದು ನಗರ, ರಾಜ್ಯವಲ್ಲ. ರಾಜ್ಯದ ಆಡಳಿತವನ್ನು ನಡೆಸುತ್ತಿದ್ದ ಅಳಿಯ ರಾಮರಾಯನು ರಣರಂಗದಲ್ಲಿ ಹತನಾದೊಡನೆ ಅವನ ತಮ್ಮ ತಿರುಮಲನು ಬೊಕ್ಕಸವನ್ನು ಆನೆಗಳ ಮೇಲೆ ಹೇರಿಸಿ, ಹೆಸರಿಗಷ್ಟೇ ಅರಸನಾಗಿದ್ದ ಸದಾಶಿವರಾಯನನ್ನೂ ಕರೆದುಕೊಂಡು ಪೆನುಕೊಂಡೆಗೆ ಹೊರಟುಹೋದನು. ಹಂಪಿಯ ಅಷ್ಟು ಭದ್ರವಾದ ಕೋಟೆಯನ್ನು ಕಾಯಲು ಯಾರೂ ನಿಲ್ಲಲಿಲ್ಲ. ತಿರುಮಲನ ಅರವೀಡು ವಂಶವು ಪೆನುಕೊಂಡೆಯಿಂದ, ಬಳಿಕ ಚಂದ್ರಗಿರಿ ಮತ್ತು ವೆಲ್ಲೂರುಗಳಿಂದ, 17ನೆಯ ಶತಮಾನದ ನಡುಭಾಗದವರೆಗೂ ಆಳಿತು.

ಉತ್ತರ 2: ಸಿರಿಯ ಮೂಲವನ್ನೂ ನೋಡಬೇಕು. ಭಟ್ಕಳದಂಥ ಬಂದರುಗಳಲ್ಲಿ ಇಳಿಯುತ್ತಿದ್ದ ಅರಬ್ಬೀ ಕುದುರೆಗಳು, ವ್ಯಾಪಾರದ ಸುಂಕ, ಅರಸನ ಅಧೀನದಲ್ಲಿ ಸೀಮೆಗಳನ್ನಾಳುತ್ತಿದ್ದ ನಾಯಕರು ಒಪ್ಪಿಸುತ್ತಿದ್ದ ಕಾಣಿಕೆ, ಇವೇ ಅದರ ಬಲ. ಕೇಂದ್ರ ಸೋತ ಮೇಲೆ ಮಧುರೆ, ತಂಜಾವೂರು, ಇಕ್ಕೇರಿಗಳ ನಾಯಕರು ಕ್ರಮೇಣ ತಮ್ಮ ಪಾಡಿಗೆ ತಾವು ಆಳತೊಡಗಿದರು. ಕದನಕ್ಕಿಂತ ಇದೇ ದೊಡ್ಡ ಪೆಟ್ಟೆಂಬುದು ನನ್ನ ಅನಿಸಿಕೆ.

ಉತ್ತರ 3: ತಿರುಮಲನು ಮರಳಿ ಬಂದು ನಗರವನ್ನು ನೆಲೆಗೊಳಿಸಲು ಯತ್ನಿಸಿದ್ದುಂಟು. ಆದರೆ 1567ರಲ್ಲಿ ಅಲ್ಲಿ ತಂಗಿದ್ದ ವೆನಿಸಿನ ವರ್ತಕ ಸೀಸರ್ ಫ್ರೆಡರಿಕ್ ಕಂಡದ್ದು, ಇನ್ನೂ ನಿಂತಿದ್ದರೂ ಬರಿದಾಗಿದ್ದ ಮನೆಗಳನ್ನು ಮತ್ತು ಅವುಗಳಲ್ಲಿ ಸೇರಿಕೊಂಡಿದ್ದ ಕಾಡುಮೃಗಗಳನ್ನು.