ಪಡು ಬದಿ ಪೂರ್ತಿ ಗ್ಲಾಸ್ ಇರುವ ಆಫೀಸಿಗೆ ಆಟೋಮ್ಯಾಟಿಕ್ ಬ್ಲೈಂಡ್ಸ್ ಹಾಕಿಸಿದ್ರೆ ಪ್ರಯೋಜನ ಉಂಟಾ?

ಬಿಜೈ_ಆಫೀಸ್:
ನಮಸ್ಕಾರ ಎಲ್ರಿಗೂ. ನಮ್ಮ ಆಫೀಸ್ ಮಂಗಳೂರಿನ ಬಿಜೈ ಹತ್ರ ನಾಲ್ಕನೇ ಮಾಳಿಗೆಯಲ್ಲಿ, ಪಡು ಬದಿ ಇಡೀ ಗ್ಲಾಸು, ಮೂರು ಗಂಟೆ ಕಳೆದ್ರೆ ಆ ಸಾಲಲ್ಲಿ ಕೂತವರಿಗೆ ಸ್ಕ್ರೀನೇ ಕಾಣುದಿಲ್ಲ, ಎಸಿ ಹಾಕಿದ್ರೂ ಸೆಖೆ ಇಳಿಯುದಿಲ್ಲ. ಹಾಗಾಗಿ ಬ್ಲೈಂಡ್ಸ್ ಕೆಳಗೆ ಎಳೀತಾರೆ, ಮತ್ತೆ ಎತ್ತುವವರು ಯಾರೂ ಇಲ್ಲ, ಮರುದಿನ ಬೆಳಿಗ್ಗೆ ಆ ಬದಿಗೆ ಬಿಸಿಲೇ ಇಲ್ಲದ ಹೊತ್ತಲ್ಲೂ ಅಷ್ಟೂ ಲೈಟ್ ಉರಿಸಿಕೊಂಡು ಕೂರುದು. ಈಗ ಒಬ್ರು ಸೆನ್ಸರ್ ಇರುವ ಮೋಟರ್ ಬ್ಲೈಂಡ್ಸಿಗೆ ಕೊಟೇಶನ್ ಕೊಟ್ಟಿದ್ದಾರೆ, ಕರೆಂಟ್ ಬಿಲ್ ಇಳೀತದೆ ಅಂತ. ಹೌದಾ? ಗೊತ್ತಿದ್ದವರು ಹೇಳಿ ಮಾರಾಯ್ರೆ.

ಜಗಲಿ_ಕಟ್ಟೆ:
ನಾನು ಆರ್ಕಿಟೆಕ್ಟ್. ಮೋಟರ್ ಆಮೇಲೆ, ಮೊದ್ಲು ಬಿಸಿಲನ್ನು ಎಲ್ಲಿ ತಡೀತೀರಿ ನೋಡಿ. ಗ್ಲಾಸ್ ದಾಟಿ ಒಳಗೆ ಬಂದ ಬಿಸಿಲಿಗೆ ಪರದೆ ಕಾಯ್ತದೆ, ಆ ಶಾಖದಲ್ಲಿ ಹೆಚ್ಚಿನದ್ದು ರೂಮಲ್ಲೇ ಉಳೀತದೆ, ಎಸಿಗೆ ಆ ಕೆಲಸ ತಪ್ಪುದಿಲ್ಲ. ಹೊರಗೇ ತಡೆದ್ರೆ ಮಾತ್ರ ಸೆಖೆ ಸರಿಯಾಗಿ ಕಮ್ಮಿ ಆಗುದು, ನಮ್ಮ ಹಳೇ ಮನೆಗಳ ಮಾಡು ಗೋಡೆಯಿಂದ ಅಷ್ಟು ಮುಂದೆ ಬಂದದ್ದು ಮಳೆಗೆ ಹೇಗೋ ಬಿಸಿಲಿಗೂ ಹಾಗೇ. ಆದ್ರೆ ಪಡುವಣಕ್ಕೆ ಕಿಟಕಿ ಮೇಲಿನ ಛಜ್ಜಾ ಸಾಕಾಗುದಿಲ್ಲ, ಸಂಜೆ ಸೂರ್ಯ ಕಡಲಿಗೆ ಇಳಿಯುವಾಗ ಕಿರಣ ಹೆಚ್ಚುಕಮ್ಮಿ ಅಡ್ಡಕ್ಕೇ ಬರುದು, ಅಲ್ಲಿ ನೆಟ್ಟಗೆ ನಿಂತ ಫಿನ್ (ಗೋಡೆಯಿಂದ ಹೊರಗೆ ಚಾಚಿದ ಹಲಗೆ) ಅಥವಾ ಹೊರಗಿನ ಸ್ಕ್ರೀನ್ ಬೇಕು. ಇನ್ನೊಂದು, ಬಡಗು ಕಿಟಕಿಗೆ ಬಿಸಿಲು ಬರುದಿಲ್ಲ ಅಂತ ಬಿಡ್ಬೇಡಿ, ನಮ್ಮ ಊರಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ಬಡಗಿಗೇ ಇರುದು. ಹೊಸ ಬಿಲ್ಡಿಂಗಿಗೆ 2017ರ ಇಸಿಬಿಸಿಯಲ್ಲಿ, ಅಂದ್ರೆ ಕಟ್ಟಡಗಳಲ್ಲಿ ಕರೆಂಟ್ ಉಳಿಸುವ ಸರ್ಕಾರಿ ಕೋಡಲ್ಲಿ, ಗ್ಲಾಸು ಗೋಡೆಯ 40% ದಾಟ್ಬಾರದು ಅಂತ ಇತ್ತು.

ಬಿಜೈ_ಆಫೀಸ್:
ಹೊರಗೆ ಎಂತದೂ ಹಾಕ್ಲಿಕ್ಕೆ ಓನರ್ ಬಿಡುದಿಲ್ಲ ಸರ್, ಬಾಡಿಗೆ ಜಾಗ.

ವೈರಿಂಗ್_ಮಣಿಪಾಲ:
ಹಾಗಾದ್ರೆ ಒಳಗಿನದ್ದೇ ಹಾಕಿ, ಆದ್ರೆ ಲೈಟಿಗೆ ಜೋಡಿಸದೆ ಹಾಕ್ಲೇಬೇಡಿ. ಬ್ಲೈಂಡ್ಸ್ ಎಷ್ಟೇ ಚಂದಕ್ಕೆ ಮೇಲೆ ಕೆಳಗೆ ಹೋದ್ರೂ ಟ್ಯೂಬು ಉರೀತಾನೇ ಇದ್ರೆ ಬಿಲ್ ಇಳಿಯುದು ಎಲ್ಲಿಂದ? ಕಿಟಕಿಯ ಮೇಲ್ತುದಿ ನೆಲದಿಂದ ಎಷ್ಟು ಎತ್ತರ ಉಂಟೋ ಸುಮಾರು ಅದರ ಒಂದೂವರೆ ಪಟ್ಟು ದೂರದವರೆಗೆ ಹಗಲಿನ ಬೆಳಕು ಚೆನ್ನಾಗಿ ಸಿಗ್ತದೆ, ಅಷ್ಟು ಜಾಗದ ಲೈಟುಗಳನ್ನು ಬೇರೆ ಸರ್ಕ್ಯೂಟ್ ಮಾಡಿಸಿ, ಹೊರಗಿನ ಬೆಳಕು ಬಂದ ಹಾಗೆ ಲೈಟ್ ತಾನೇ ಡಿಮ್ ಆಗುವ ಡ್ರೈವರ್ (ಎಲ್‌ಇಡಿಗೆ ಕರೆಂಟ್ ಕೊಡುವ ಭಾಗ) ಹಾಕಿಸಿ, ಡಿಮ್ ಮಾಡುವ ವಿಧಾನ ಡಾಲಿ ಆದ್ರೂ ಆಯ್ತು 0-10 ವೋಲ್ಟ್ ಆದ್ರೂ ಆಯ್ತು. ಸಾದಾ ಎಲ್‌ಇಡಿ ಪ್ಯಾನೆಲ್ ಡಿಮ್ ಆಗುದಿಲ್ಲ, ಕೊಟೇಶನಲ್ಲಿ ಇದು ಉಂಟಾ ನೋಡಿ. ಮೇಜಿನ ಮೇಲೆ 500 ಲಕ್ಸ್ (ಬೆಳಕು ಅಳೆಯುವ ಲೆಕ್ಕ) ಇದ್ರೆ ಓದ್ಲಿಕ್ಕೆ ಬರೀಲಿಕ್ಕೆ ಧಾರಾಳ.

ನಿಜವಾದ ಲಾಭ ಮಳೆಗಾಲದಲ್ಲಿ. ಜೂನ್ ಜುಲೈಯಲ್ಲಿ ಮೋಡ ಕವಿದಿದ್ರೂ ಕಿಟಕಿ ಹತ್ರ ಒಳ್ಳೆ ಬೆಳಕು ಇರ್ತದೆ, ಕಣ್ಣಿಗೆ ಕುಕ್ಕುದೂ ಇಲ್ಲ, ಆದ್ರೆ ಬೇಸಿಗೆಯಲ್ಲಿ ಇಳಿಸಿದ ಬ್ಲೈಂಡ್ಸ್ ಹಾಗೇ ಇರ್ತದೆ ಅಲ್ವಾ, ಅದನ್ನು ಎತ್ತಲಿಕ್ಕೇ ಮೋಟರ್ ಬೇಕಾದದ್ದು. ಸೆಟ್ಟಿಂಗಲ್ಲಿ ಬಿಸಿಲು ಬಿದ್ದ ಕೂಡ್ಲೇ ಇಳೀಲಿ, ಆದ್ರೆ ಎತ್ತುವಾಗ ಹತ್ತಿಪ್ಪತ್ತು ನಿಮಿಷ ಕಾಯ್ಲಿ, ಇಲ್ಲದಿದ್ರೆ ಮೋಡ ಬಂದು ಹೋದ ಹಾಗೆಲ್ಲ ಪರದೆ ಏರಿಳಿದು ಜನ ರೇಗಿ ಪ್ಲಗ್ ಕಿತ್ತು ಹಾಕ್ತಾರೆ, ಅಂಥ ಆಫೀಸು ನೋಡಿದ್ದೇನೆ. ಕೂತವರ ಕೈಗೊಂದು ಸ್ವಿಚ್ಚೂ ಕೊಡಿ. ಬಟ್ಟೆ ಪಡುವಣಕ್ಕೆ ನೇಯ್ಗೆಯಲ್ಲಿ ಸಣ್ಣ ತೂತುಗಳ ಜಾಗ 3% ಅಥವಾ ಅದಕ್ಕಿಂತ ಕಮ್ಮಿ ಇರುವಂಥದ್ದು, ಹೊರಮೈ ಬಿಳಿ, ಒಳಮೈ ಗಾಢ ಬಣ್ಣ, ಆಗ ಸ್ವಲ್ಪ ಬಿಸಿಲೂ ವಾಪಸ್ ಹೋಗ್ತದೆ ಹೊರಗಿನ ನೋಟವೂ ಕಾಣ್ತದೆ.

ಮಲ್ಪೆ_ಗಾಳಿ:
ಓನರ್ ಮುಂದೆ ಒಪ್ಪಿ ಹೊರಗೆ ಹಾಕಿಸುವುದಾದ್ರೆ ಗಾಳಿಯ ಸೆನ್ಸರ್ ಬೇಕೇ ಬೇಕು, ಜೋರು ಗಾಳಿಗೆ ತಾನೇ ಸುತ್ತಿಕೊಳ್ಬೇಕು. ಕಡಲ ಬದಿಯ ಉಪ್ಪು ಗಾಳಿಗೆ ಸಾದಾ ಸ್ಕ್ರೂ ಬೇಗ ತುಕ್ಕು ಹಿಡೀತದೆ, ಉಪ್ಪಿಗೆ ಹೆಚ್ಚು ತಡೆಯುವ 316 ಗ್ರೇಡಿನ ಸ್ಟೈನ್‌ಲೆಸ್ ಅಂತ ಬರೆಸಿಕೊಂಡೇ ಆರ್ಡರ್ ಕೊಡಿ.

ಬಿಜೈ_ಆಫೀಸ್:
ಕೊಟೇಶನ್ ನೋಡಿದೆ, ಲೈಟಿನ ಸುದ್ದಿಯೇ ಇಲ್ಲ. ಕಿಟಕಿ ಸಾಲಿನ ಲೈಟ್ ಸೇರಿಸಿ ಹೊಸತು ಕಳಿಸಿ ಅಂತ ಹೇಳ್ತೇನೆ.