ಟರ್ಕಿಶ್ ಮಾರ್ಚ್: ಮಗಳು ನಡುವೆ ದಾರಿ ತಪ್ಪುತ್ತಾಳೆ, ಏನು ಮಾಡಲಿ?

ಪ್ರಶ್ನೆ: ಮಗಳಿಗೆ 11 ವರ್ಷ. ಪಿಯಾನೊ ಕ್ಲಾಸಿನಲ್ಲಿ ಮೊಜಾರ್ಟ್‌ನ ಟರ್ಕಿಶ್ ಮಾರ್ಚ್ ಕೊಟ್ಟಿದ್ದಾರೆ. ಬಿಡಿಬಿಡಿಯಾಗಿ ಎಲ್ಲ ಚೆನ್ನಾಗಿ ಬರುತ್ತದೆ. ಪೂರ್ತಿ ನುಡಿಸಲು ಕೂತರೆ ಎಲ್ಲಿಂದ ಎಲ್ಲಿಗೋ ಹೋಗಿಬಿಡುತ್ತಾಳೆ. ನಮ್ಮ ಮನೆಯಲ್ಲಿ ಯಾರಿಗೂ ಪಾಶ್ಚಾತ್ಯ ಸಂಗೀತ ಗೊತ್ತಿಲ್ಲ. ಕಲಿತವರು, ಕಲಿಸಿದವರು ಹೇಳಿ, ಪ್ಲೀಸ್.

ಪಿಯಾನೊ ಕಲಿಸುವವರೊಬ್ಬರು: ಮೇಡಂ, ನನ್ನ ಹತ್ತಿರ ಬರುವ ಮಕ್ಕಳೂ ಇದರಲ್ಲಿ ದಾರಿ ತಪ್ಪುತ್ತಾರೆ. ಇದು ರಾಂಡೊ. ನಮ್ಮ ಕೀರ್ತನೆಯಲ್ಲಿ ಪಲ್ಲವಿ ತಿರುಗಿ ಬರುತ್ತದಲ್ವಾ, ಹಾಗೆ ಇಲ್ಲೂ ಒಂದು ಭಾಗ ಮತ್ತೆ ಮತ್ತೆ ಬರುತ್ತದೆ. ಅದು ಎಲ್ಲರ ಬಾಯಲ್ಲೂ ಇರುವ ಶುರುವಿನ ಎ ಮೈನರ್ ಟ್ಯೂನ್ ಅಲ್ಲ (ಮೈನರ್, ಮೇಜರ್ ಅಂದರೆ ಎರಡು ಬಗೆಯ ಸ್ವರಜೋಡಣೆ; ಎ, ಎಫ್ ಶಾರ್ಪ್ ಅಂದರೆ ಅವು ಶುರುವಾಗುವ ಸ್ವರ). ಅದಾದ ಮೇಲೆ ಎ ಮೇಜರ್‌ನಲ್ಲಿ, ಬಲಗೈ ಆಕ್ಟೇವ್‌ಗಳಲ್ಲಿ, ಅಂದರೆ ಒಂದೇ ಸ್ವರವನ್ನು ಮೇಲೆ ಕೆಳಗೆ ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ ಒತ್ತುತ್ತಾ, ಜೋರಾಗಿ ಬರುವ ಭಾಗ. ಒಟ್ಟು ಮೂರು ಸಲ ಬರುತ್ತದೆ, ಮೂರು ಸಲವೂ ಮುಂದಿನ ದಾರಿ ಬೇರೆ. ಮೊದಲ ಸಲ ಮುಗಿದರೆ ಎಫ್ ಶಾರ್ಪ್ ಮೈನರ್‌ನ ಓಟ. ಎರಡನೇ ಸಲ ಮುಗಿದರೆ ಶುರುವಿನ ಟ್ಯೂನ್. ಮೂರನೇ ಸಲ ಆಕ್ಟೇವ್ ಒಡೆದು ಸ್ವರಗಳು ಒಂದರ ಹಿಂದೊಂದು ಬರುತ್ತವೆ, ಅಲ್ಲಿಂದ ಕೋಡಾ, ಅಂದರೆ ಮುಕ್ತಾಯದ ಭಾಗ.

ಆ ಮೂರು ತಿರುವುಗಳನ್ನಷ್ಟೇ ಅಭ್ಯಾಸ ಮಾಡಿಸಿ. ಒಂದು ಭಾಗದ ಕೊನೆಯ ಎರಡು ಬಾರ್ (ನೋಟೇಶನ್‌ನಲ್ಲಿ ಎರಡು ನಿಂತ ಗೆರೆಗಳ ನಡುವಿನ ಅಳತೆ), ಮುಂದಿನದರ ಮೊದಲ ಎರಡು ಬಾರ್, ಅಷ್ಟೇ. ನುಡಿಸುವ ಮುಂಚೆ "ಇದು ಎಷ್ಟನೇ ಸಲ, ಮುಂದೆ ಎಲ್ಲಿಗೆ" ಅಂತ ಅವಳೇ ಬಾಯಿಬಿಟ್ಟು ಹೇಳಲಿ. ಇನ್ನು ವೇಗ. ಮೊಜಾರ್ಟ್ ಬರೆದಿರುವುದು ಅಲೆಗ್ರೆಟ್ಟೊ, ಅಂದರೆ ಹದವಾದ ಚುರುಕು, ತೀರಾ ಓಡಬೇಕಾಗಿಲ್ಲ. ಎಫ್ ಶಾರ್ಪ್ ಮೈನರ್ ಭಾಗದಲ್ಲಿ ಬಲಗೈಗೆ ಬಿಡುವೇ ಇಲ್ಲ. ಅದನ್ನು ಎಷ್ಟು ವೇಗದಲ್ಲಿ ಸ್ವಚ್ಛವಾಗಿ ನುಡಿಸಬಲ್ಲಳೋ, ಮೊದಲಿನಿಂದಲೂ ಅದೇ ವೇಗ ಇರಲಿ.

ಇನ್ನೊಬ್ಬ ಅಮ್ಮ: ನನ್ನ ಮಗನ ಕೈ ಚಿಕ್ಕದು, ಆಕ್ಟೇವ್ ಹಿಡಿದರೆ ಮಣಿಕಟ್ಟು ನೋಯುತ್ತಿತ್ತು. ಟೀಚರ್ ಕೆಲವು ವಾರ ಮೇಲಿನ ಸ್ವರ ಮಾತ್ರ ನುಡಿಸಲು ಹೇಳಿದರು. ನೋವಿದ್ದರೆ ಸುಮ್ನೆ ಮುಂದುವರಿಸಬೇಡಿ, ಟೀಚರ್‌ಗೆ ಹೇಳಿ. ಮನೆಯಲ್ಲಿ ಕೀಬೋರ್ಡ್ ಇದ್ದರೆ ಟಚ್ ಸೆನ್ಸಿಟಿವ್ ಇರಲೇಬೇಕು. ಇಲ್ಲದಿದ್ದರೆ ಮೆಲ್ಲಗೆ, ಜೋರು ಎರಡೂ ಒಂದೇ ಥರ ಕೇಳಿಸುತ್ತದೆ.

ಕೇಳುಗರೊಬ್ಬರು: ಅವಳಿಗೆ ಇದರ ಕತೆಯನ್ನೂ ಹೇಳಿ. ಮೊಜಾರ್ಟ್ ಕಾಲದ ವಿಯೆನ್ನಾದಲ್ಲಿ ಆಟೊಮನ್ (ಟರ್ಕಿಶ್) ಸೈನಿಕರ ಬ್ಯಾಂಡ್ ಸಂಗೀತದ ಗೀಳು ಜಾಸ್ತಿ ಇತ್ತು. ದೊಡ್ಡ ಡ್ರಮ್, ತಾಳ, ಗಂಟೆ ಎಲ್ಲ ಸೇರಿದ ಗದ್ದಲ ಅದು. ಟರ್ಕಿಶ್ ಮಾರ್ಚ್ 1784ರಲ್ಲಿ ಅಚ್ಚಾದ ಒಂದು ಸೊನಾಟಾದ (ಹಲವು ಭಾಗಗಳ ವಾದ್ಯಕೃತಿ) ಮೂರನೇ ಭಾಗ; ಇದರಲ್ಲಿ ಮೊಜಾರ್ಟ್ ಅದನ್ನೇ ಹತ್ತು ಬೆರಳಿಗೆ ಇಳಿಸಿದ್ದಾನೆ. ಜೋರಿನ ಭಾಗದಲ್ಲಿ ಎಡಗೈಗೆ ಚಿಕ್ಕಚಿಕ್ಕ ಗ್ರೇಸ್ ನೋಟ್‌ಗಳಿವೆ (ಮುಖ್ಯ ಸ್ವರಕ್ಕೆ ಮುಂಚೆ ಚಕ್ಕನೆ ಬಂದುಹೋಗುವ ಸ್ವರಗಳು) ನೋಡಿ, ಅದೇ ಡ್ರಮ್ಮಿನ ಗರಗರ. ಒಂದು ದಿನ ಅವಳು ಆ ಎಡಗೈಯನ್ನಷ್ಟೇ ನುಡಿಸಲಿ, ನೀವು ಪಕ್ಕದಲ್ಲಿ ಕೂತು ಮೇಜಿನ ಮೇಲೆ ಎರಡೆರಡು ಎಣಿಕೆಗೆ ತಟ್ಟಿ. ಅದಕ್ಕೆ ಪಾಶ್ಚಾತ್ಯ ಸಂಗೀತ ಗೊತ್ತಿರಬೇಕಾಗಿಲ್ಲ.